ಮಾವನ ಜೀನ್ಸ್ ಸೈಟಿಗೆ ಲಿಂಕ್ ಕೊಂಡೆ, ಕಳಚಿದೆ, ಮತ್ತೆ ಜೋಡಿಸಿದೆ

ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ನಮ್ಮ ಮಾವನ ಜೀನ್ಸ್ ಯೂನಿಟ್ ಇದೆ. ಹದಿನಾಲ್ಕು ಮಷೀನು, ಒಂದು ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಕೂತು ದಾರ ಕತ್ತರಿಸುವ ನಾಲ್ಕೈದು ಹೆಂಗಸರು. ಬಟ್ಟೆ ಗುಜರಾತಿನಿಂದ ಬರುತ್ತದೆ. ಹೊಲಿದದ್ದು ವಾಷಿಂಗಿಗೆ ಮುಂಡರಗಿ ಕಡೆ ಹೋಗುತ್ತದೆ. ಮಾಲು ಹೊರಡುವುದು ಸೆಟ್ ಲೆಕ್ಕದಲ್ಲಿ: 28ರಿಂದ 36ರವರೆಗೆ ಐದು ಸೈಜು ಸೇರಿದರೆ ಒಂದು ಸೆಟ್ಟು.

ಅವರಿಗೆ ಸೈಟ್ ಮಾಡಿಕೊಟ್ಟವನು ನಾನೇ. ಎರಡು ವರ್ಷ ಆಯ್ತು. ಸೈಟ್ ನೋಡೋಕೆ ಚೆನ್ನಾಗಿದೆ, ಬೇಗ ತೆರೆಯುತ್ತದೆ. ಆದರೆ ಅದನ್ನು ತೆರೆಯುತ್ತಿದ್ದವರು ನಾನು, ಮಾವ, ಆಮೇಲೆ ಸಾಲ ಕೊಡ್ತೀವಿ ಅಂತ ಫೋನ್ ಮಾಡುವವರು. ಅಷ್ಟೇ. ಬೇರೆ ಸೈಟ್‌ಗಳಿಂದ ನಮಗೆ ಲಿಂಕ್ ಇಲ್ಲ, ಅದಕ್ಕೇ ಗೂಗಲ್ ನಮ್ಮನ್ನು ಲೆಕ್ಕಕ್ಕೆ ಇಟ್ಟಿಲ್ಲ ಅಂತ ನಾನು ತೀರ್ಮಾನ ಮಾಡಿದೆ. ತೀರ್ಮಾನ ಪೂರ್ತಿ ತಪ್ಪೇನಲ್ಲ. ಆದರೆ ಆಮೇಲೆ ನಾನು ಮಾಡಿದ್ದು ಪೂರ್ತಿ ತಪ್ಪು.

ಮೊದಲ ಖರೀದಿ

ದುಡ್ಡಿಗೆ ಬೇರೆ ಸೈಟ್‌ಗಳಲ್ಲಿ ಲೇಖನ ಹಾಕಿಸಿ, ಅದರಲ್ಲಿ ನಮ್ಮ ಸೈಟಿಗೆ ಲಿಂಕ್ ಕೊಡಿಸುವ ಒಬ್ಬ ಬ್ರೋಕರ್ ಸಿಕ್ಕ. ಎಕ್ಸೆಲ್ ಶೀಟ್ ಕಳಿಸಿದ. ಮುನ್ನೂರಕ್ಕೂ ಜಾಸ್ತಿ ಸಾಲು. ಒಂದು ಕಾಲಂನಲ್ಲಿ ಸೈಟ್ ಹೆಸರು, ಪಕ್ಕದಲ್ಲಿ ಡಿಆರ್ ಎಂಬ ಅಂಕ, ಅದರ ಪಕ್ಕ ಟ್ರಾಫಿಕ್, ಅಂದರೆ ಸೈಟಿಗೆ ಬರುವವರ ಲೆಕ್ಕ, ಆಮೇಲೆ ರೇಟು. ಕೊನೆಯಲ್ಲಿ ಇನ್ನೊಂದು ಕಾಲಂ ಇತ್ತು: ಕ್ಯಾಸಿನೊ ರೇಟು. ಒಂದೇ ಸೈಟಿನಲ್ಲಿ ಜೀನ್ಸ್ ಲೇಖನಕ್ಕೆ 3,500 ರೂಪಾಯಿ, ಜೂಜಿನ ಲೇಖನಕ್ಕೆ 9,000. ಆ ಕಾಲಂ ನೋಡಿದಾಗಲೇ ನಾನು ಎದ್ದು ಹೋಗಬೇಕಿತ್ತು. ದುಡ್ಡು ಕೊಟ್ಟರೆ ಏನು ಬೇಕಾದರೂ ಹಾಕ್ತೀವಿ ಅಂತ ಬೋರ್ಡ್ ಹಾಕಿಕೊಂಡ ಹಾಗೆ ಅದು, ಅಲ್ವಾ? ನಾನು ಡಿಆರ್ ಕಾಲಂ ಹಿಡಿದು ಮೇಲಿಂದ ಕೆಳಗೆ ಸಾರ್ಟ್ ಮಾಡಿ, ನಮ್ಮ ಬಜೆಟ್ಟಿಗೆ ಸಿಗುವ ನಾಲ್ಕು ಆರಿಸಿದೆ. ಒಟ್ಟು 14,500 ರೂಪಾಯಿ. ಷರತ್ತು ಏನಾದರೂ ಇದೆಯಾ ಅಂತ ಕೇಳಿದ್ದಕ್ಕೆ, "ಏನೂ ಇಲ್ಲ ಸರ್, ಆರ್ಟಿಕಲ್ ಇಲ್ಲದಿದ್ರೂ ನಡೆಯುತ್ತೆ, ನಾವೇ ಬರೀತೀವಿ" ಅಂದ. ಖುಷಿಯಾಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಈ ಡಿಆರ್ ಅನ್ನೋದು ಒಂದು ಸೈಟಿಗೆ ಬರುವ ಲಿಂಕ್‌ಗಳ ಬಲ ಎಷ್ಟು ಅಂತ ಅಹ್ರೆಫ್ಸ್ ಎಂಬ ಕಂಪನಿ ತಾನೇ ಲೆಕ್ಕ ಹಾಕಿ ಕೊಡುವ ಅಂಕ. ಇಂಥದ್ದೇ ಇನ್ನೊಂದು ಅಂಕ ಡಿಎ, ಅದು ಮಾಜ್ ಕಂಪನಿಯದು. ಎರಡೂ ನೂರಕ್ಕೆ ಇಷ್ಟು ಅಂತ ಇರುತ್ತವೆ. ಗೂಗಲ್ ಇವೆರಡನ್ನೂ ಬಳಸುವುದಿಲ್ಲ. ಕಸದ ಲಿಂಕ್‌ಗಳನ್ನು ರಾಶಿ ಹಾಕಿ ಈ ಅಂಕವನ್ನು ಉಬ್ಬಿಸಬಹುದು ಕೂಡ. ನಾನು ಕೊಂಡದ್ದು ಆ ಅಂಕವನ್ನೇ.

ಮೂರು ವಾರದಲ್ಲಿ ನಾಲ್ಕೂ ಲಿಂಕ್ ಬಂದವು. ಮಾವ ಒಂದು ಬೆಳಗ್ಗೆ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ನನ್ನ ರೂಮಿಗೇ ಬಂದರು. "ಎಲ್ಲಪ್ಪಾ ಅಳಿಯಾ, ದುಡ್ಡು ಕೊಟ್ಟು ಹಾಕ್ಸಿದ್ಯಲ್ಲ, ಎಲ್ಲೈತೆ ತೋರ್ಸು" ಅಂದರು. ತೋರಿಸೋಕೆ ಹೋದಾಗಲೇ ನಾನೂ ಸರಿಯಾಗಿ ನೋಡಿದ್ದು.

ಬಿಚ್ಚಿ ನೋಡಿದಾಗ ಕಂಡದ್ದು

ಒಂದನೇ ಪುಟದಲ್ಲಿ ಲೇಖನ ಇತ್ತು, ಲಿಂಕೂ ಇತ್ತು. ಆದರೆ ಆ ಸೈಟಿನ ಮುಖಪುಟದಿಂದ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ಯಾವ ವಿಭಾಗದಲ್ಲೂ ಕಾಣುವುದಿಲ್ಲ. ಕೀಬೋರ್ಡಿನಲ್ಲಿ ಕಂಟ್ರೋಲ್ ಜೊತೆ ಯು ಒತ್ತಿ ಪುಟದ ಸೋರ್ಸ್ ತೆಗೆದೆ. ಮೇಲ್ಗಡೆ ನೋಇಂಡೆಕ್ಸ್ ಅಂತ ಬರೆದಿತ್ತು. ಅಂದರೆ ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡಿ ಅಂತ ಅವರೇ ಗೂಗಲ್‌ಗೆ ಹೇಳಿದ್ದಾರೆ. ಗೋಡೌನಿನ ಒಳಗೆ ಬೋರ್ಡ್ ನೇತುಹಾಕಿ ಬಾಡಿಗೆ ಇಸಕೊಂಡ ಹಾಗೆ.

ಎರಡನೆಯದರಲ್ಲಿ ಲಿಂಕಿಗೆ ನೋಫಾಲೋ ಗುರುತು, ಅಂದರೆ ಇದಕ್ಕೆ ನಮ್ಮ ಶಿಫಾರಸು ಇಲ್ಲ ಅಂತ ಗೂಗಲ್‌ಗೆ ಹೇಳುವ ಗುರುತು, ಹಾಕಿದ್ದರು. ಶೀಟಿನಲ್ಲಿ ಡೂಫಾಲೋ, ಅಂದರೆ ಆ ಗುರುತಿಲ್ಲದ ಲಿಂಕ್, ಅಂತ ಇತ್ತು. ಆವತ್ತು ಸಿಟ್ಟು ಬಂದದ್ದು ಇದರ ಮೇಲೇ ಜಾಸ್ತಿ. ಆಮೇಲೆ ನೋಡಿದರೆ ನಾಲ್ಕರಲ್ಲಿ ನಿಯಮದ ಪ್ರಕಾರ ಸರಿಯಾಗಿದ್ದದ್ದು ಇದೊಂದೇ. ಅದನ್ನು ಮುಂದೆ ಹೇಳ್ತೀನಿ.

ಮೂರನೆಯದನ್ನು ನೋಡಿ ಮಾವ ಬಾಯಿಗೆ ಹಾಕಿಕೊಂಡ ಮಿರ್ಚಿಯನ್ನು ಹಾಗೇ ಹಿಡಿದುಕೊಂಡರು. ಅದು ಮನೆ ಸಾಲದ ಬಗ್ಗೆ ಯಾರೋ ಎಂದೋ ಬರೆದ ಹಳೇ ಲೇಖನ. ಬಡ್ಡಿ, ಕಂತು, ಕಾಗದಪತ್ರ ಎಲ್ಲ ಹೇಳಿ, ನಡುವೆ ಒಂದು ಸಾಲು: ಮನೆ ಕೊಳ್ಳುವವರು ಒಳ್ಳೆಯ ಜೀನ್ಸ್ ಕೂಡ ಕೊಳ್ಳಬೇಕು ಎಂಬರ್ಥದ್ದು. ಅದರಲ್ಲಿ ನಮ್ಮ ಲಿಂಕು. ಈ ಧಂದೆಯಲ್ಲಿ ಇದಕ್ಕೆ ನಿಶ್ ಎಡಿಟ್ ಅಂತಾರೆ. ಹಳೇ ಲೇಖನದಲ್ಲಿ ಹೊಸ ಸಾಲು ತುರುಕುವುದು. "ಸಾಲ ಮಾಡಿ ಮನೆ ಕಟ್ಟೋನು ಪ್ಯಾಂಟ್ ಎಲ್ಲಿಂದ ತಗೊಂತಾನೋ?" ಅಂದರು ಮಾವ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕನೆಯದು ಚೆನ್ನಾಗೇ ಇತ್ತು. ನಲವತ್ತು ದಿನ ಇತ್ತು. ಆಮೇಲೆ ಪುಟವೇ ಮಾಯ. ಬ್ರೋಕರ್‌ನ ಕೇಳಿದರೆ, "ಪರ್ಮನೆಂಟ್ ಅಂದ್ರೆ ಸೈಟ್ ಓನರ್ ಇಟ್ಟಷ್ಟು ದಿನ ಸರ್" ಅಂದ.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ. ಹಾಳು ಲಿಂಕ್ ಬಂತು ಅಂತ ಹೆದರಿ ಡಿಸವೌ ಫೈಲ್ ಮಾಡೋಕೆ ಹೊರಟಿದ್ದೆ. ಇಂತಿಂಥ ಲಿಂಕ್ ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಕೊಡುವ ಪಟ್ಟಿ ಅದು, 2012ರಿಂದ ಇದೆ. ಅವರೇ ಹೇಳುವುದು: ಮೊದಲು ಲಿಂಕ್ ತೆಗೆಸಲು ನೋಡಿ, ಆಗದೇ ಇದ್ದರೆ ಮಾತ್ರ ಇದಕ್ಕೆ ಕೈಹಾಕಿ, ಹೆಚ್ಚಿನವರಿಗೆ ಇದು ಬೇಕಾಗುವುದೇ ಇಲ್ಲ. ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುವಲ್ ಆಕ್ಷನ್ ವಿಭಾಗ, ಅಂದರೆ ಗೂಗಲ್ ದಂಡನೆ ಹಾಕಿದ್ದರೆ ತೋರಿಸುವ ಜಾಗ, ನೋಡಿದೆ. ಖಾಲಿ ಇತ್ತು. ಮನೆ ಸಾಲದ ಪುಟದವರಿಗೆ ಮೂರು ಮೇಲ್ ಬರೆದೆ. ಮೂರನೆಯದಕ್ಕೆ ಲಿಂಕ್ ತೆಗೆದರು. ಅಲ್ಲಿಗೆ ಬಿಟ್ಟೆ.

ಪಗಾರದ ಪುಸ್ತಕದಲ್ಲಿ ಷರತ್ತುಗಳು

ಎರಡನೇ ಸಲ ಬ್ರೋಕರ್ ಬೇಡ ಅಂದುಕೊಂಡೆ. ಬಟ್ಟೆ ವ್ಯಾಪಾರದವರು ನಿಜವಾಗಿ ಓದುವ ಸೈಟ್ ಯಾವುವು ಅಂತ ಹುಡುಕಿ, ಹೊರಗಿನವರ ಲೇಖನ ಹಾಕಿಕೊಳ್ಳೋಕೆ ಹನ್ನೊಂದು ಕಡೆಯವರು ಬರೆದಿಟ್ಟ ಷರತ್ತಿನ ಪುಟಗಳನ್ನು ತೆಗೆದೆ. ಮಾವನ ಹಳೇ ಪಗಾರದ ಪುಸ್ತಕದಲ್ಲಿ ಅರ್ಧ ಖಾಲಿ ಇತ್ತು. ಎಡಗಡೆ ಅವರ ಷರತ್ತು, ಬಲಗಡೆ ಅದರಿಂದ ನನಗೆ ಏನು ತಿಳಿಯಿತು ಅಂತ ಬರೆಯುತ್ತಾ ಹೋದೆ.

ಕೆಲವು ಷರತ್ತು ಎಲ್ಲ ಕಡೆಯೂ ಒಂದೇ. ಎಂಟುನೂರರಿಂದ ಸಾವಿರ ಪದ ಇರಬೇಕು. ಬೇರೆಲ್ಲೂ ಬಂದಿರಬಾರದು, ನಕಲು ಹಿಡಿಯುವ ಕಾಪಿಸ್ಕೇಪ್‌ನಲ್ಲಿ ಹಾಕಿ ನೋಡ್ತೀವಿ. ಮಷೀನು ಬರೆದ ಲೇಖನ ಬೇಡ. ಬರೆದವರ ನಿಜವಾದ ಹೆಸರು, ಎರಡು ಸಾಲು ಪರಿಚಯ. ಫೋಟೋ ನಿಮ್ಮದೇ ಆಗಿರಬೇಕು. ಇವುಗಳ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಪಾಲಿಸಿದರಾಯಿತು.

ಬೆವರು ಇಳಿಸಿದ್ದು ಆ್ಯಂಕರ್. ಲಿಂಕ್ ಯಾವ ಪದದ ಮೇಲೆ ಕೂರುತ್ತದೋ ಆ ಪದ. ನನ್ನ ಲೆಕ್ಕದಲ್ಲಿ ಅದು ಬೆಲ್ಲಾರಿ ಜೀನ್ಸ್ ಹೋಲ್‌ಸೇಲ್ ಅಂತಲೇ ಇರಬೇಕಿತ್ತು. ಊರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ಕ್ಕೆ ಬದಲಾಯಿತಲ್ಲ, ಆದರೂ ಹೊರಗಿನ ವ್ಯಾಪಾರಿಗಳು ಇವತ್ತಿಗೂ ಬೆಲ್ಲಾರಿ ಅಂತಲೇ ಟೈಪ್ ಮಾಡುತ್ತಾರೆ. ಬೆಲ್ಲಾರಿಯೋ ಬಳ್ಳಾರಿಯೋ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಹನ್ನೊಂದರಲ್ಲಿ ಏಳು ಕಡೆ, ಇಂಥ ಹುಡುಕುವ ಪದಗಳನ್ನೇ ಆ್ಯಂಕರ್ ಮಾಡಿದರೆ ಲೇಖನ ವಾಪಸ್ ಅಂತ ಬರೆದಿತ್ತು. ಅವರಿಗೆ ಯಾಕೆ ಈ ಮಡಿ ಅಂದರೆ, 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಅಂತ ಒಂದು ಬದಲಾವಣೆ ತಂದಿತು. ಹೀಗೆ ಲಿಂಕ್ ಜೋಡಿಸಿಕೊಂಡಿದ್ದ ಸೈಟ್‌ಗಳಿಗೆ ಅದರಿಂದ ಪೆಟ್ಟು ಬಿತ್ತು. ಪದ ತುಂಬಿದ ಆ್ಯಂಕರ್ ಇಟ್ಟು ರಾಶಿ ರಾಶಿ ಗೆಸ್ಟ್ ಪೋಸ್ಟ್ (ಬೇರೆಯವರ ಸೈಟಿಗೆ ಬರೆದುಕೊಡುವ ಲೇಖನ) ಹಾಕಿಸುವುದು ಈಗಲೂ ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಹೆಸರು ಹಿಡಿದು ಹೇಳಿರುವ ತಪ್ಪು.

ಇನ್ನೊಂದು ಲಿಂಕಿನ ಗುರುತು. ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಎರಡು ದಿನ ಬೇಕಾಯಿತು. ನೋಫಾಲೋ ಬಂದದ್ದು 2005ರಲ್ಲಿ. ಈ ಲಿಂಕಿಗೆ ನಮ್ಮ ಶಿಫಾರಸು ಇಲ್ಲ ಅಂತ ಹೇಳುವ ಗುರುತು. 2019ರ ಸೆಪ್ಟೆಂಬರ್‌ನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಲಿಂಕಿಗೆ ಅಂತಲೇ ಸ್ಪಾನ್ಸರ್ಡ್ ಎಂಬ ಗುರುತು ಬಂತು. ಗೂಗಲ್ ಹೇಳುವುದು ಇಷ್ಟು: ಜಾಹೀರಾತಿಗಾಗಿ ಲಿಂಕ್ ಕೊಳ್ಳಿ, ಮಾರಿ, ತಕರಾರಿಲ್ಲ. ಆದರೆ ಅದಕ್ಕೆ ಸ್ಪಾನ್ಸರ್ಡ್ ಅಥವಾ ನೋಫಾಲೋ ಗುರುತು ಇರಬೇಕು. ಗುರುತಿಲ್ಲದೆ, ಹುಡುಕಾಟದಲ್ಲಿ ಮೇಲೆ ಬರೋಕೆ ಅಂತ ದುಡ್ಡು ಕೊಟ್ಟರೆ ಅದು ಲಿಂಕ್ ಸ್ಪ್ಯಾಮ್.

ಅಂದರೆ ನಾನು ಬ್ರೋಕರ್‌ಗೆ ಜಾಸ್ತಿ ದುಡ್ಡು ಕೊಟ್ಟು ಕೇಳಿದ್ದೇ ನಿಯಮ ಮುರಿದ ಮಾಲು. ಡೂಫಾಲೋ ಗ್ಯಾರಂಟಿ ಅಂತ ದಪ್ಪಕ್ಷರದಲ್ಲಿ ಬರೆಯುವ ಪಬ್ಲಿಷರ್ ತನ್ನ ಸೈಟನ್ನೇ ಪಣಕ್ಕಿಟ್ಟು ಕೂತಿದ್ದಾನೆ. ಅವನ ಸೈಟ್ ಬಿದ್ದರೆ ನನ್ನ ಲಿಂಕೂ ಬಿತ್ತು. ಪುಸ್ತಕದ ಬಲಗಡೆ, ಗ್ಯಾರಂಟಿ ಅಂದವರಿಗೆಲ್ಲ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಹಾಕಿದೆ. ಹನ್ನೊಂದರಲ್ಲಿ ಐದು ಹೋದವು.

ಓದುವವರಿಗೆ ಕಾಣುವಂತೆ ಜಾಹೀರಾತು ಅಂತ ಬರೀತೀವಿ ಎಂದವರು ಮೂವರು. ಮೊದಲಾಗಿದ್ದರೆ ನಾನು ಅವರನ್ನು ಬಿಟ್ಟೇ ಬಿಡುತ್ತಿದ್ದೆ. ನಮ್ಮ ದೇಶದಲ್ಲೂ ಇದಕ್ಕೆ ನಿಯಮ ಇದೆ: 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸಗಳ ಪಟ್ಟಿ ಇದೆ, ಜಾಹೀರಾತನ್ನು ಸುದ್ದಿ ಲೇಖನದ ವೇಷದಲ್ಲಿ ತೋರಿಸುವುದು ಅವುಗಳಲ್ಲಿ ಒಂದು. ಮಾವನಿಗೆ ಇದನ್ನು ಓದಿ ಹೇಳಿದೆ. "ಜಾಹೀರಾತು ಅಂತ ಬರೆದ್ರೆ ಏನಾಗ್ತದೆ? ಗೋಡೆ ಮೇಲೆ ಬರೆಸಿದಾಗ ಎಲ್ಲರಿಗೂ ಗೊತ್ತಿರಲಿಲ್ವಾ ಅದು ನಮ್ದೇ ಅಂತ?" ಅಂದರು. ಅವರಿಗೆ ಇದರಲ್ಲಿ ಯೋಚನೆ ಮಾಡುವಂಥದ್ದೇ ಏನೂ ಕಾಣಲಿಲ್ಲ.

ಕೊನೆಗೆ ಆ ಮೂವರಲ್ಲಿ ಒಬ್ಬರ ಸೈಟ್ ಆರಿಸಿದೆ. ಚಿಲ್ಲರೆ ಬಟ್ಟೆ ಅಂಗಡಿಯವರಿಗಾಗಿ ನಡೆಸುವಂಥದ್ದು. ಡಿಆರ್ ಬರೀ 31. ಬ್ರೋಕರ್‌ನ ಶೀಟಿನಲ್ಲಿ ಇಂಥದ್ದು ತಳದಲ್ಲಿ ಇರುತ್ತಿತ್ತು. ಷರತ್ತು ಮಾತ್ರ ಎರಡು ಪುಟ. ಒಂದೇ ಲಿಂಕ್, ಸ್ಪಾನ್ಸರ್ಡ್ ಗುರುತಿನ ಜೊತೆ. ಪುಟದ ತಲೆಯಲ್ಲೇ ಜಾಹೀರಾತು ಅಂತ ಬರೀತೀವಿ. ಹನ್ನೆರಡು ತಿಂಗಳು ಇರುತ್ತದೆ, ನಡುವೆ ಸೈಟ್ ಬದಲಾದರೂ ಹೊಸ ವಿಳಾಸಕ್ಕೆ ದಾರಿ ಹಾಕಿಕೊಡ್ತೀವಿ. ಲಿಂಕಿನ ಬಾಲಕ್ಕೆ ಯುಟಿಎಂ, ಅಂದರೆ ಓದುಗ ಎಲ್ಲಿಂದ ಬಂದ ಅಂತ ತಿಳಿಸುವ ಗುರುತು, ಹಾಕುವಂತಿಲ್ಲ. ಬರೆಯುವ ಮೊದಲು ಮೂರು ವಿಷಯ ಕಳಿಸಬೇಕು, ಒಪ್ಪಿದ ಮೇಲೆ ಬರೆಯಬೇಕು. ತಿದ್ದುವ ಹಕ್ಕು ಸಂಪಾದಕರದು. ದುಡ್ಡು ಪುಟ ಪ್ರಕಟವಾದ ಮೇಲೆ. 6,000 ರೂಪಾಯಿ, 18% ಜಿಎಸ್‌ಟಿ ಬೇರೆ, ಬಿಲ್ ಕೊಡ್ತೀವಿ.

ಬಿಲ್ ಅಂದ ಕೂಡಲೇ ಮಾವ ಒಪ್ಪಿದರು.

ಮೂರು ವಿಷಯ

ನಾನು ಕಳಿಸಿದ ಮೊದಲನೇ ವಿಷಯ, ಬಳ್ಳಾರಿ ಜೀನ್ಸ್ ಯಾಕೆ ಬೆಸ್ಟ್. ಎರಡನೆಯದು, ಜೀನ್ಸ್ ಖರೀದಿಗೆ ಹತ್ತು ಟಿಪ್ಸ್. ಮೂರನೆಯದನ್ನು ಸಂಖ್ಯೆ ತುಂಬಲಿ ಅಂತ ಸುಮ್ನೆ ಹಾಕಿದ್ದೆ: ತೊಳೆದ ಮೇಲೆ ಜೀನ್ಸ್ ಎಷ್ಟು ಕುಗ್ಗುತ್ತದೆ, ಅಂಗಡಿಯವರು ಅದನ್ನು ಮೊದಲೇ ಅಳೆಯುವುದು ಹೇಗೆ. ಮೊದಲೆರಡಕ್ಕೆ ಒಂದೊಂದು ಸಾಲಿನ ಉತ್ತರ ಬಂತು, ಬೇಡ, ಬೇಡ. ಮೂರನೆಯದನ್ನು ಬರೆಯಿರಿ ಅಂದರು.

ಬರೆದು ಕಳಿಸಿದೆ. ಎರಡು ದಿನಕ್ಕೆ ವಾಪಸ್ ಬಂತು. ಮಾವನ ಯೂನಿಟ್ಟನ್ನು ಹೊಗಳಿದ್ದ ಮೊದಲನೇ ಪ್ಯಾರಾ ಪೂರ್ತಿ ಹೊಡೆದು ಹಾಕಿದ್ದರು. ನಮ್ಮ ಬಟ್ಟೆ ಶೇಕಡಾ 3ರಷ್ಟು ಕುಗ್ಗುತ್ತದೆ ಎಂದು ಬರೆದಿದ್ದ ಕಡೆ ಒಂದು ಪ್ರಶ್ನೆ: ಇದು ನಿಮಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ. ಮಾವ ಹೇಳಿದ್ದರು, ಬರೆದಿದ್ದೆ.

ಯೂನಿಟ್ಟಿಗೆ ಹೋಗಿ ಅದೇ ತಾನಿನಿಂದ ದೊಡ್ಡ ತುಂಡು ಕತ್ತರಿಸಿದೆ. ಅದರ ಮೇಲೆ ಐವತ್ತು ಸೆಂಟಿಮೀಟರ್ ಚೌಕ ಅಳೆದು, ನಾಲ್ಕೂ ಮೂಲೆಗೆ ಟೈಲರ್ ಚಾಕ್‌ನಲ್ಲಿ ಗುರುತು ಹಾಕಿ ವಾಷಿಂಗಿಗೆ ಕಳಿಸಿದೆ. ಬಟ್ಟೆ ಬಂತು, ಗುರುತು ಬರಲಿಲ್ಲ. ಚಾಕ್ ನೀರಿಗೆ ನಿಲ್ಲುತ್ತಾ? ದಾರ ಕತ್ತರಿಸುತ್ತಿದ್ದ ಅಕ್ಕ ಒಬ್ಬರು ನನ್ನ ಮುಖ ನೋಡಿ ನಕ್ಕು, ಕೆಂಪು ದಾರದಲ್ಲಿ ನಾಲ್ಕು ಮೂಲೆಗೂ ಎರಡೆರಡು ಹೊಲಿಗೆ ಹಾಕಿಕೊಟ್ಟರು. "ಈಗ ಕಳ್ಸಪ್ಪ, ಎಲ್ಲಿ ಹೋಗ್ತದೆ ನೋಡ್ತೀನಿ" ಅಂದರು.

ಎರಡನೇ ಸಲ ತೊಳೆದು, ಒಣಗಿಸಿ, ಕಟಿಂಗ್ ಟೇಬಲ್ ಮೇಲೆ ಎಳೆಯದೆ ಹರಡಿ ಅಳೆದೆವು. ಉದ್ದಕ್ಕೆ 48.4, ಅಗಲಕ್ಕೆ 49.3. ಅಂದರೆ ಉದ್ದದಲ್ಲಿ ಶೇಕಡಾ 3.2, ಅಗಲದಲ್ಲಿ 1.4. 32 ಇಂಚಿನ ಕಾಲಿನಲ್ಲಿ ಒಂದು ಇಂಚು ಹೋಯಿತು ಅಂತ ಆಯಿತು. ಮಾವ ಅಂದಾಜಿನಲ್ಲಿ ಹೇಳಿದ್ದು ಹತ್ತಿರ ಹತ್ತಿರ ಸರಿ ಇತ್ತು. ಆದರೆ ಉದ್ದಕ್ಕೂ ಅಗಲಕ್ಕೂ ಇಷ್ಟು ಫರಕು ಇದೆ ಅಂತ ಅವರಿಗೂ ಗೊತ್ತಿರಲಿಲ್ಲ. ಕಟಿಂಗ್ ಮಾಸ್ಟರ್ ಮಾತ್ರ ಏನೂ ಆಗದವನ ಹಾಗೆ, "ನಾನು ಮೊದ್ಲಿಂದ ಉದ್ದಕ್ಕೆ ಒಂದಿಂಚು ಬಿಟ್ಟೇ ಕತ್ತರಿಸ್ತೀನಲ್ಲ" ಅಂದ.

ಫೋಟೋದಲ್ಲೂ ಒಂದು ಎಡವಟ್ಟಾಯಿತು. ಕೆಂಪು ದಾರದ ಗುರುತು, ಪಕ್ಕದಲ್ಲಿ ಟೇಪು, ಚೆನ್ನಾಗಿ ತೆಗೆದಿದ್ದೆ. ಮಾವನ ಫೋನಿನಿಂದ ನನ್ನ ಫೋನಿಗೆ ವಾಟ್ಸಾಪ್‌ನಲ್ಲಿ ಬಂದದ್ದರಿಂದ ಅದು ಕುಗ್ಗಿತ್ತು, ಬಟ್ಟೆಗಿಂತ ಜಾಸ್ತಿ. ಸಂಪಾದಕರು ಅಗಲ ಸಾಲದು ಅಂತ ವಾಪಸ್ ಮಾಡಿದರು. ಅದನ್ನೇ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿಕೊಂಡ ಮೇಲೆ ಸರಿಹೋಯಿತು.

ಆ್ಯಂಕರ್ ಅವರೇ ಬರೆದರು. ಸೈಜ್ ಚಾರ್ಟ್ ಇಲ್ಲಿದೆ, ಅಷ್ಟೇ. ಬೆಲ್ಲಾರಿಯೂ ಇಲ್ಲ, ಬಳ್ಳಾರಿಯೂ ಇಲ್ಲ. ಯುಟಿಎಂ ಬೇಡ ಅಂದಿದ್ದರಿಂದ, ಯಾರು ಅಲ್ಲಿಂದ ಬಂದರು ಅಂತ ತಿಳಿಯಲು ನಾನು ಒಂದು ಹೊಸ ಪುಟವನ್ನೇ ಮಾಡಿದೆ: ತೊಳೆಯುವ ಮೊದಲು, ತೊಳೆದ ಮೇಲೆ, ಎರಡೂ ಅಳತೆ ಇರುವ ಚಾರ್ಟ್. ಅದಕ್ಕೆ ನಮ್ಮ ಸೈಟಿನ ಬೇರೆ ಯಾವ ಪುಟದಿಂದಲೂ ದಾರಿ ಕೊಡಲಿಲ್ಲ. ಅಲ್ಲಿಗೆ ಯಾರಾದರೂ ಬಂದರೆ ಬಹುತೇಕ ಆ ಲೇಖನ ಓದಿಯೇ ಬಂದಿರಬೇಕು. ಇದನ್ನು ಮೊದಲನೇ ಸಲವೇ ಮಾಡಬೇಕಿತ್ತು.

ಪುಟ ಬಂದ ದಿನ ಮತ್ತೆ ಕಂಟ್ರೋಲ್ ಯು. ನಮ್ಮ ಸೈಟಿನ ಹೆಸರು ಹುಡುಕಿದೆ. ಲಿಂಕಿನ ಗುರುತು ಬರೆಯುವ ರೆಲ್ ಎಂಬಲ್ಲಿ ಸ್ಪಾನ್ಸರ್ಡ್ ಅಂತ ಇತ್ತು. ನೋಇಂಡೆಕ್ಸ್ ಇರಲಿಲ್ಲ. ಮುಖಪುಟದಲ್ಲಿ ಹೊಸ ಲೇಖನಗಳ ಸಾಲಿನಲ್ಲಿ ನಮ್ಮದೂ ಇತ್ತು, ಮೇಲೆ ಜಾಹೀರಾತು ಅಂತ ಸಣ್ಣ ಪಟ್ಟಿ. ನಾಲ್ಕನೇ ದಿನಕ್ಕೆ ಗೂಗಲ್‌ನಲ್ಲೂ ಸಿಕ್ಕಿತು. ದುಡ್ಡು ಕಳಿಸಿದೆ, ಬಿಲ್ ಬಂತು.

ಆರು ವಾರದ ಲೆಕ್ಕ

ಹುಡುಕಾಟದಲ್ಲಿ ನಮ್ಮ ಸ್ಥಾನ ಒಂದಿಂಚೂ ಮೇಲೆ ಹೋಗಿಲ್ಲ. ಹೋಗುತ್ತದೆ ಅಂತ ಈ ಲಿಂಕನ್ನು ಕೊಂಡಿರಲೂ ಇಲ್ಲ. ಆ ಹೊಸ ಪುಟಕ್ಕೆ 61 ಜನ ಬಂದರು. ಮೊದಲ ನಾಲ್ಕು ಲಿಂಕ್‌ನಿಂದ ಬಂದವರು ಎಷ್ಟು ಅಂತ ಕೇಳಬೇಡಿ, ಇಬ್ಬರು, ಅದರಲ್ಲಿ ಒಬ್ಬ ನಾನು. ಈ 61ರಲ್ಲಿ ನಾಲ್ಕು ಜನ ಫೋನ್ ಮಾಡಿದರು. ಒಬ್ಬರು ಹುಬ್ಬಳ್ಳಿ ಕಡೆಯ ಅಂಗಡಿಯವರು, ಮೊದಲು ಕೇಳಿದ್ದೇ ಕೆಂಪು ದಾರದ ಬಗ್ಗೆ. ಹನ್ನೆರಡು ಸೆಟ್ ತರಿಸಿಕೊಂಡರು.

ಪುಸ್ತಕದಲ್ಲಿ ಈಗ ಎರಡು ತಾರೀಖು ಬರೆದಿಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಪುಟ ಇದೆಯಾ, ಗುರುತು ಹಾಗೇ ಇದೆಯಾ ಅಂತ ನೋಡೋಕೆ ಒಂದು. ಹನ್ನೊಂದನೇ ತಿಂಗಳಿಗೆ ಇನ್ನೊಂದು, ಮುಂದುವರಿಸೋದಾ ಬೇಡವಾ ಅಂತ. ಆ ಸಂಪಾದಕರಿಗೆ ಇನ್ನೂ ಮೂರು ವಿಷಯ ಕಳಿಸಿದ್ದೇನೆ. ಸ್ಟ್ರೆಚ್ ಬಟ್ಟೆ ಕುಗ್ಗುವ ಬಗ್ಗೆ ಬರೆಯೋಣ ಅಂದಿದ್ದಾರೆ, ಮೊದಲು ಅಳೆಯಿರಿ ಅಂತಲೂ ಅಂದಿದ್ದಾರೆ. ತುಂಡು ನಿನ್ನೆ ವಾಷಿಂಗಿಗೆ ಹೋಗಿದೆ, ಕೆಂಪು ದಾರ ಹಾಕಿಸಿಯೇ ಕಳಿಸಿದ್ದೇನೆ.

ಅಷ್ಟರಲ್ಲಿ ಮಾವ ಇವತ್ತು ಬೆಳಗ್ಗೆ ಫೋನ್ ಮಾಡಿದರು. ಹುಬ್ಬಳ್ಳಿಯವರಿಗೆ ಇನ್ನೂ ಮಾಲು ಬೇಕಂತೆ, ಆದರೆ ಬರೀ 34, 36 ಬೇಕಂತೆ. "ಸೆಟ್ ಒಡೆಯಂಗಿಲ್ಲ ಅಂತ ನಿನ್ನ ಸೈಟ್‌ನಾಗ ದೊಡ್ಡದಾಗಿ ಬರಿ ಅಳಿಯಾ" ಅಂದರು. "ಅದೂ ಒಂದು ಷರತ್ತೇ ಅಲ್ವಾ?"